ಸೀಸೆಯಪ್ಪನ ಎರಡು ಬಾಗಿಲಿನ ಕಾರು

ಕಾರು ಮಾರಾಟಕ್ಕಿದೆ ಎಂದು ಪತ್ರಿಕೆಗೆ ಕೊಡಲು ಸೀಸೆಯಪ್ಪ ಬರೆದ ಜಾಹೀರಾತನ್ನು ಓದಿದವರಿಗೆ, ಈ ಮನುಷ್ಯ ಗಿರಾಕಿಗಳು ಬರಲೆಂದು ಹಣ ಕೊಡುತ್ತಿದ್ದಾನೋ, ಬಾರದಿರಲೆಂದು ಕೊಡುತ್ತಿದ್ದಾನೋ ಎಂಬ ಅನುಮಾನ ಬರುತ್ತಿತ್ತು. ಮೊದಲ ಸಾಲು ನೆಟ್ಟಗಿತ್ತು: ‘ಅಮೆರಿಕದಲ್ಲಿ ತಯಾರಾದ ಹಳೆಯ ಕೂಪೆ, ಎರಡೇ ಬಾಗಿಲು, ಎಂಟು ಸಿಲಿಂಡರ್, ಕೆನೆ ಮತ್ತು ಸಮುದ್ರ ಹಸಿರು ಬಣ್ಣ, ಕಾರ್ಖಾನೆಯಿಂದ ಹೊರಬಂದ ದಿನ ಇದ್ದಂತೆಯೇ ಇದೆ.’ ಆಮೇಲೆ ಷರತ್ತುಗಳು ಶುರುವಾಗುತ್ತಿದ್ದವು. ಮೋಡವಿದ್ದ ದಿನ ನೋಡಲು ಬರಕೂಡದು. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು ಬರಬೇಕು. ನೆಗಡಿ, ಕೆಮ್ಮು ಇದ್ದವರು ಗುಣವಾದ ಮೇಲೆ ಬರಬೇಕು. ಮಕ್ಕಳಿಗೆ ಪ್ರವೇಶವಿಲ್ಲ. ಕೊನೆಯ ಸಾಲು ಹೀಗಿತ್ತು: ‘ಓಡಿಸುವ ಉದ್ದೇಶವಿರುವವರು ದಯವಿಟ್ಟು ತೊಂದರೆ ತೆಗೆದುಕೊಳ್ಳಬಾರದು.’

ಹೆಂಡತಿ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, ಜಾಹೀರಾತನ್ನು ಪೂರ್ತಿ ಓದಿದಳು.

“ಏನ್ರೀ ಇದು? ಕಾರು ಮಾರ್ತಿದ್ದೀರೋ, ಆಪರೇಷನ್ ಥಿಯೇಟರಿಗೆ ಜನ ಕರೀತಿದ್ದೀರೋ?”

“ಅಸಡ್ಡೆ ಜನ ಬರಬಾರದು ನೋಡು, ಅದಕ್ಕೆ.”

“ಜನಾನೇ ಬರಬಾರದು ಅಂತ ಬರೆದುಬಿಡಿ. ಅಕ್ಷರಾನೂ ಕಮ್ಮಿ ಆಗುತ್ತೆ.”

ಅವಳು ದರ್ಜಿ. ಮೊದಲ ಸಾಲನ್ನೂ ಮನೆಯ ವಿಳಾಸವನ್ನೂ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ, ಚಿಂದಿ ಬಟ್ಟೆಯ ಬುಟ್ಟಿಗೆ ಹಾಕಿದಳು. ಪತ್ರಿಕೆಯಲ್ಲಿ ಅಚ್ಚಾದದ್ದು ಅಷ್ಟೇ.

ಸೀಸೆಯಪ್ಪ ಎಂಬುದು ತಾಯಿತಂದೆ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ ಅವನದು ಸೀಸೆಗಳ ವಿಭಾಗ. ಹಾವು, ಚೇಳು, ಬಾವಲಿ, ಎರಡು ತಲೆಯ ಕರು ಎಲ್ಲವೂ ಫಾರ್ಮಲಿನ್ನಿನಲ್ಲಿ ಮುಳುಗಿ ಕೂತಿರುವ ಆ ಉದ್ದನೆಯ ಕೋಣೆಯಲ್ಲಿ ದ್ರವ ಬದಲಿಸುವುದು, ಮುಚ್ಚಳಕ್ಕೆ ಮೇಣ ಸುರಿಯುವುದು, ಚೀಟಿ ಅಂಟಿಸುವುದು, ಬಿಸಿಲು ಬೀಳದಂತೆ ಪರದೆ ಎಳೆಯುವುದು ಅವನ ಕೆಲಸ. ನಿವೃತ್ತಿಯವರೆಗೂ ಅದನ್ನೇ ಮಾಡಿದ, ಬಹಳ ಚೆನ್ನಾಗಿ ಮಾಡಿದ. ಅವನ ಕೈಗೆ ಬಂದ ಯಾವ ಪ್ರಾಣಿಯೂ ಕೆಡಲಿಲ್ಲ. ಯಾವುದೂ ಬದುಕಲೂ ಇಲ್ಲ, ಆದರೆ ಅದು ಅವನ ವಿಭಾಗಕ್ಕೆ ಸೇರಿದ ವಿಷಯವಾಗಿರಲಿಲ್ಲ.

ತೊಂದರೆಯೆಂದರೆ, ಸಂಜೆ ಮನೆಗೆ ಬರುವಾಗ ಅವನು ಕೋಟನ್ನು ಅಲ್ಲೇ ಬಿಟ್ಟು ಬರುತ್ತಿದ್ದ, ಕಸುಬನ್ನು ಮಾತ್ರ ಜೊತೆಗೇ ತರುತ್ತಿದ್ದ. ಟೀವಿಯ ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಸೋಫಾಕ್ಕೆ ಹೊದಿಕೆ, ಹೊದಿಕೆ ಮಾಸಬಾರದೆಂದು ಅದರ ಮೇಲೊಂದು ಹೊದಿಕೆ. ಮದುವೆಯಲ್ಲಿ ಉಡುಗೊರೆ ಬಂದ ಪಿಂಗಾಣಿ ಕಪ್ಪುಗಳು ಹುಲ್ಲು ತುಂಬಿದ ಡಬ್ಬದಲ್ಲಿಯೇ ಇದ್ದವು. ಒಳ್ಳೆಯ ನೆಂಟರು ಬಂದಾಗ ತೆಗೆಯೋಣ ಎಂದಿದ್ದ. ಅವನ ಲೆಕ್ಕಕ್ಕೆ ಸಾಕಷ್ಟು ಒಳ್ಳೆಯವರಾದ ನೆಂಟರು ಇನ್ನೂ ಹುಟ್ಟಿರಲಿಲ್ಲ.

ಆ ಮನೆಗೆ ಕಾರು ಬಂದದ್ದು ಸೋದರಮಾವನಿಂದ. ಮಾವ ಯಾವುದೋ ಗಣಿ ಕಂಪನಿಯ ವಿದೇಶಿ ದೊರೆಯೊಬ್ಬನಿಗೆ ಚಾಲಕನಾಗಿದ್ದ. ದೊರೆ ಊರು ಬಿಡುವಾಗ ಕಾರನ್ನು ಅವನಿಗೇ ಕೊಟ್ಟುಹೋದ. ಮಾವ ಅದನ್ನು ಮನಸಾರೆ ಓಡಿಸಿದ. ಕಿಟಕಿಯ ಮೇಲೆ ಮೊಣಕೈ ಊರಿ, ಸಿಳ್ಳೆ ಹಾಕುತ್ತ, ಅರ್ಧ ಬೀದಿಯ ಬಸುರಿಯರನ್ನು ಆಸ್ಪತ್ರೆಗೂ ಮಿಕ್ಕ ಅರ್ಧದ ನೆಂಟರನ್ನು ರೈಲ್ವೆ ನಿಲ್ದಾಣಕ್ಕೂ ಸಾಗಿಸಿದ. ಸಾಯುವ ಮುಂಚೆ ಸೋದರಳಿಯನಿಗೆ ಬೀಗದ ಕೈ ಕೊಟ್ಟು, “ಚೆನ್ನಾಗಿ ನೋಡ್ಕೊಳ್ಳೋ” ಎಂದ. ಬೇರೆ ಯಾರಿಗಾದರೂ ಹೇಳಿದ್ದರೆ ಅದು ಒಂದು ಮಾತಾಗಿ ಮುಗಿಯುತ್ತಿತ್ತು. ಸೀಸೆಯಪ್ಪನಿಗೆ ಹೇಳಿದ್ದರಿಂದ ಅದೊಂದು ಇಲಾಖೆಯಾಯಿತು.

ಮನೆಯಲ್ಲಿ ನೆಲಮಟ್ಟಕ್ಕೆ ಇದ್ದದ್ದು ಒಂದೇ ಕೋಣೆ, ಬೀದಿಗೆ ದೊಡ್ಡ ಬಾಗಿಲಿದ್ದದ್ದು. ಅದರಲ್ಲಿ ಕಾರು ನಿಂತಿತು. ಟೈರು ಒತ್ತಿ ಚಪ್ಪಟೆಯಾಗಬಾರದೆಂದು ಮರದ ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದ. ಇಲಿ ಬಾರದಂತೆ ನುಸಿಗುಳಿಗೆ, ತುಕ್ಕು ಹಿಡಿಯದಂತೆ ತೇವ ಹೀರುವ ಹರಳಿನ ಪೊಟ್ಟಣ, ಗೋಡೆಗೆ ತೇವಾಂಶ ಅಳೆಯುವ ಮುಳ್ಳು. ಹೊಳಪಿನ ಮೇಣ, ಎಣ್ಣೆ, ಒರೆಸುವ ಬಟ್ಟೆ, ಬಿಡಿಭಾಗಗಳನ್ನೆಲ್ಲ ಇಡಲು ಕಾರಿನ ಎರಡೂ ಪಕ್ಕ ನೆಲದಿಂದ ಸೂರಿನವರೆಗೆ ಸಿಮೆಂಟಿನ ಕಪಾಟುಗಳನ್ನು ಕಟ್ಟಿಸಿದ. ಪ್ರತಿ ಭಾನುವಾರ ಬೆಳಿಗ್ಗೆ ಕೋಣೆಯ ಚಿಲಕ ಒಳಗಿನಿಂದ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಂಟು ಸಿಲಿಂಡರುಗಳು ಗುಡುಗುತ್ತಿದ್ದವು, ಮೇಲಿನ ಅಡುಗೆಮನೆಯಲ್ಲಿ ಚಮಚಗಳು ನಡುಗುತ್ತಿದ್ದವು. ಆಮೇಲೆ ಊಟದ ಹೊತ್ತಿನವರೆಗೂ ಸದ್ದಿಲ್ಲ. ಕಾರು ಬೀದಿಗೆ ಬಂದದ್ದನ್ನು ಮಾತ್ರ ಬೀದಿ ನೋಡಲಿಲ್ಲ. ಹೆಂಡತಿ ಒಂದು ಸುತ್ತು ಕರೆದುಕೊಂಡು ಹೋಗಿ ಎಂದಾಗ ಪೆಟ್ರೋಲು ಹಳೆಯದು ಎನ್ನುತ್ತಿದ್ದ. ಹೊಸ ಪೆಟ್ರೋಲು ತಂದ ವಾರ ರಸ್ತೆ ಹಳೆಯದು ಎನ್ನುತ್ತಿದ್ದ.

ಕಾರಿಗೆ ನೆಲಮನೆ ಸಿಕ್ಕಿದ್ದರಿಂದ ಹೆಂಡತಿಯ ಹೊಲಿಗೆ ಯಂತ್ರಗಳಿಗೆ ತಾರಸಿಯ ಮೇಲಿನ ಕೋಣೆ ಸಿಕ್ಕಿತು. ನಡುವಿನ ಮಹಡಿಯಲ್ಲಿ ಸಂಸಾರ. ಅವಳ ಗಿರಾಕಿಗಳಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು, ಮೆಟ್ಟಿಲು ಹತ್ತಲಾರರು. ಕೆಳಗೆ ಗಂಟೆ ಬಾರಿಸುತ್ತಿದ್ದರು. ಇವಳು ತಾರಸಿಯಿಂದ ಇಳಿದು ಬಂದು, ಮೆಟ್ಟಿಲ ಬುಡದ ಕಿರುಜಾಗದಲ್ಲಿ, ಮುಚ್ಚಿದ ಕಾರುಕೋಣೆಯ ಬಾಗಿಲಿಗೆ ಅವರನ್ನು ಒರಗಿಸಿ ನಿಲ್ಲಿಸಿ ಅಳತೆ ತೆಗೆದುಕೊಂಡು, ಮತ್ತೆ ಹತ್ತುತ್ತಿದ್ದಳು. ಬಟ್ಟೆ ಒಯ್ಯಲು ಬಂದಾಗ ಇನ್ನೊಂದು ಸಲ, ತೋಳು ಬಿಗಿಯಾಯಿತು ಎಂದಾಗ ಮತ್ತೊಂದು ಸಲ. ಒಳಗೆ ಕಾರು ಒಣಗಿದ ಗಾಳಿಯಲ್ಲಿ ಆರಾಮವಾಗಿ ನಿಂತಿರುತ್ತಿತ್ತು.

ಮೊಣಕಾಲು ಊದಿಕೊಂಡಾಗ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ದಿನಕ್ಕೆ ಒಂದು ಸಲ ಇಳಿದು ಹತ್ತಿದ್ರೆ ಸರಿ. ಹೀಗೆ ಗಿರಾಕಿಗೊಂದು ಸಲ ಅಂದ್ರೆ ಆಗಲ್ಲ. ಕೆಲಸ ಬಿಡ್ಬೇಕು, ಇಲ್ಲ ಕೆಳಗೆ ತರ್ಬೇಕು” ಎಂದರು. ಮುಖ್ಯರಸ್ತೆಯ ಸಿದ್ಧ ಉಡುಪಿನ ಅಂಗಡಿಯವನಿಗೆ ಈ ಸುದ್ದಿ ಹೇಗೋ ತಲುಪಿತು. ಎರಡೂ ಯಂತ್ರಗಳನ್ನು ತಾನೇ ಕೊಳ್ಳುವುದಾಗಿ ಹೇಳಿಕಳಿಸಿದ, ಜೊತೆಗೆ ಗಿರಾಕಿಗಳನ್ನೂ.

ಹೆಂಡತಿ ಕೂಗಾಡಲಿಲ್ಲ. ಊಟ ಬಡಿಸುತ್ತ ಹೇಳಿದಳು: “ತಿಂಗಳ ಕೊನೆಗೆ ಅಂಗಡಿಯವನು ಗಾಡಿ ತರ್ತಾನೆ. ಅಷ್ಟರೊಳಗೆ ಕೆಳಗಿನ ಕೋಣೆ ಖಾಲಿ ಆದ್ರೆ ಮೆಷಿನ್ನು ಅಲ್ಲಿಗೆ ಇಳಿಯುತ್ತೆ. ಇಲ್ದಿದ್ರೆ ಅವನ ಗಾಡಿ ಹತ್ತುತ್ತೆ. ಆಮೇಲೆ ನಾನೂ ಸೋಫಾ ಮೇಲೆ ಒಂದು ಹೊದಿಕೆ ಹೊದ್ಕೊಂಡು ಕೂತಿರ್ತೀನಿ. ನನ್ನನ್ನೂ ಚೆನ್ನಾಗಿ ನೋಡ್ಕೊಳ್ಳುವಿರಂತೆ.”

ಜಾಹೀರಾತು ಹುಟ್ಟಿದ್ದು ಹೀಗೆ.

ಜನ ಬಂದರು. ಕತ್ತರಿ ಆಡಿದ್ದರಿಂದ ಕೆಮ್ಮಿದ್ದವರೂ ಬಳೆ ತೊಟ್ಟವರೂ ಬಂದರು. ಸೀಸೆಯಪ್ಪ ಪ್ರತಿಯೊಬ್ಬರನ್ನೂ ಕೋಣೆಯ ಹೊಸ್ತಿಲಲ್ಲೇ ನಿಲ್ಲಿಸಿ, ಕಾರಿನ ಮುಂದುಗಡೆಯನ್ನು ಮಾತ್ರ ತೋರಿಸಿ, ಪ್ರಶ್ನೆಗಳಿಗೆ ತಾನು ಉತ್ತರಿಸುವ ಬದಲು ತಾನೇ ಕೇಳುತ್ತಿದ್ದ. ಮಗಳನ್ನು ಕೊಡುವವನೂ ಅಷ್ಟು ಕೇಳುವುದಿಲ್ಲ. ಕಾಫಿ ಅಂಗಡಿಯ ಮಾಲೀಕನೊಬ್ಬ, ಅಂಗಡಿಯ ನಟ್ಟನಡುವೆ ಗಾಜಿನ ಹಿಂದೆ ನಿಲ್ಲಿಸುತ್ತೇನೆ, ಓಡಿಸುವುದೇ ಇಲ್ಲ ಎಂದಾಗ ಸೀಸೆಯಪ್ಪನ ಮುಖ ಅರಳಿತು. ಆಗಾಗ ಗಿರಾಕಿಗಳು ಒಳಗೆ ಕೂತು ಫೋಟೋ ತೆಗೆಸಿಕೊಳ್ಳಬಹುದು ಎಂದಾಗ ಮುದುಡಿತು. “ಕೈಯಲ್ಲಿ ಕಾಫಿ ಹಿಡ್ಕೊಂಡಾ?” ಎಂದು ಕೇಳಿದ. “ಕಾಫಿ ಅಂಗಡೀಲಿ ಇನ್ನೇನು ಹಿಡ್ಕೋತಾರೆ ಸರ್?” ಎಂದ ಆತ. ಅಲ್ಲಿಗೆ ಅದು ಮುಗಿಯಿತು.

ತಿಂಗಳ ಕೊನೆಯ ಹಿಂದಿನ ದಿನ ಹೆಂಡತಿಯ ತಮ್ಮ ಬಂದ, ಯಂತ್ರಗಳನ್ನು ತಾರಸಿಯಿಂದ ಇಳಿಸಲು. ಬಸ್ಸಿನಲ್ಲಿ ಕಂಡಕ್ಟರು, ಬಾಯಿ ಸದಾ ಡ್ಯೂಟಿಯ ಮೇಲಿರುತ್ತಿತ್ತು. “ಇಳಿಸಿದ್ಮೇಲೆ ಎಲ್ಲಿಡೋದು ಭಾವ? ಕಾರಿನ ಡಿಕ್ಕಿಯಲ್ಲಾ?” ಎಂದು ಕೇಳುತ್ತಿದ್ದಾಗಲೇ ಕೆಳಗೆ ಗಂಟೆಯ ಸದ್ದಾಯಿತು. ಡ್ರೈವಿಂಗ್ ಸ್ಕೂಲು ನಡೆಸುವ ಹೆಂಗಸು ನಿಂತಿದ್ದಳು. ಬ್ರೇಕ್ ಎಂದು ಕೂಗಿ ಕೂಗಿ ಗಡಸಾದ ದನಿ, ಎಲ್ಲದಕ್ಕೂ ನಗುವ ಮುಖ.

“ಓಡುತ್ತಾ?” ಎಂದಳು. ಇಷ್ಟು ದಿನಗಳಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

“ಎಂಜಿನ್ನು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ…”

“ಅದಲ್ಲ ಸರ್. ಓಡುತ್ತಾ?”

ಅವಳು ಹೊಸ್ತಿಲಲ್ಲಿ ನಿಲ್ಲುವವರ ಪೈಕಿಯಲ್ಲ. ಒಳಗೆ ಬಂದಳು, ಅವಳ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಕಂಡಕ್ಟರು. ಸೀಸೆಯಪ್ಪ ಕಪಾಟಿಗೂ ಕಾರಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ಸರಿದು, ಗಾಜು ಇಳಿಸಿದ್ದ ಕಿಟಕಿಯಿಂದ ತೋಳನ್ನು ಭುಜದವರೆಗೆ ತೂರಿಸಿ ಬೀಗದ ಕೈ ತಿರುಗಿಸಿದ. ಎಂಟು ಸಿಲಿಂಡರುಗಳು ಗುಡುಗಿದವು. ಆ ಹೆಂಗಸು ಕಣ್ಣು ಮುಚ್ಚಿಕೊಂಡು ಕೇಳಿ, ತಲೆದೂಗಿದಳು.

“ಚಿನ್ನದಂಥ ಎಂಜಿನ್. ಒಳಗೆ ಕೂತ್ಕೊಂಡು ಸ್ವಲ್ಪ ಹೊರಗೆ ತನ್ನಿ ಸರ್, ಬೆಳಕಲ್ಲಿ ನೋಡೋಣ.”

ಸೀಸೆಯಪ್ಪ ಎಂಜಿನ್ ಆರಿಸಿದ. “ಇವತ್ತು ಸ್ವಲ್ಪ ಮೋಡ ಇದ್ದಂಗಿದೆ.”

“ಮೋಡಾನಾ? ಒಣಗಾಕಿದ್ದ ಬಟ್ಟೆ ಗರಿಗರಿ ಆಗಿದೆ” ಎಂದಳು ಹೆಂಡತಿ.

“ಸೀಟಿನ ಮೇಲೆ ಹೊದಿಕೆ ಇದೆ, ಜಾರುತ್ತೆ.”

“ಕಾರೊಳಗೆ ಜಾರಿ ಬಿದ್ದು ಸತ್ತೋರಿಲ್ಲ ಭಾವ, ಹತ್ತಿ” ಎಂದ ಕಂಡಕ್ಟರು.

ಡ್ರೈವಿಂಗ್ ಸ್ಕೂಲಿನವಳು ಅಷ್ಟರಲ್ಲಿ ಬಾಗಿಲ ಹಿಡಿಗೆ ಕೈ ಹಾಕಿ ಎಳೆದಿದ್ದಳು. ನಾಲ್ಕು ಬಾಗಿಲಿನ ಕೆಲಸವನ್ನು ಎರಡೇ ಬಾಗಿಲು ಮಾಡಬೇಕಾದ್ದರಿಂದ ಕೂಪೆಯ ಬಾಗಿಲು ಬಲು ಉದ್ದ, ಬಾಗಿಲು ಉದ್ದವಾದಷ್ಟೂ ತೆರೆಯಲು ಅಗಲ ಬೇಕು. ಅದು ಒಂದು ಗೇಣು ತೆರೆಯುವಷ್ಟರಲ್ಲಿ ಸಿಮೆಂಟಿನ ಕಪಾಟಿಗೆ ತಾಗಿತು. ತಾಗುವ ಜಾಗದಲ್ಲಿ, ಗೀರು ಬೀಳದಂತೆ, ಕಪಾಟಿನ ಅಂಚಿಗೆ ಮೆತ್ತನೆಯ ಬಟ್ಟೆ ಅಂಟಿಸಿತ್ತು. ಅವಳು ಆಚೆ ಪಕ್ಕದ ಬಾಗಿಲನ್ನೂ ಎಳೆದು ನೋಡಿದಳು. ಅಲ್ಲಿಯೂ ಒಂದು ಗೇಣು, ಅಲ್ಲಿಯೂ ಮೆತ್ತನೆಯ ಬಟ್ಟೆ.

ಎಲ್ಲರೂ ಆ ಗೇಣಗಲದ ಸಂದಿಯನ್ನು ನೋಡಿದರು, ಆಮೇಲೆ ಸೀಸೆಯಪ್ಪನ ಹೊಟ್ಟೆಯನ್ನು ನೋಡಿದರು.

“ಕಟ್ಟಿಸಿದಾಗ ತೂರ್ತಿದ್ದೆ” ಎಂದ ಸೀಸೆಯಪ್ಪ ಸಣ್ಣ ದನಿಯಲ್ಲಿ. “ಉಸಿರು ಬಿಗಿ ಹಿಡಿದ್ರೆ ಆಗ್ತಿತ್ತು.”

“ಎಷ್ಟು ವರ್ಷ ಆಯ್ತು?” ಎಂದಳು ಹೆಂಡತಿ.

“ಕಪಾಟಿಗೇನು, ಹಳೇದೇ.”

“ನೀವು ಒಳಗೆ ಕೂತು ಎಷ್ಟು ವರ್ಷ ಆಯ್ತು ಅಂದೆ.”

ಅವನು ತೇವಾಂಶದ ಮುಳ್ಳಿನ ಕಡೆ ನೋಡಿದ.

“ಹಾಗಾದ್ರೆ ಭಾನುವಾರ ಭಾನುವಾರ ಬೆಳಗೆಲ್ಲ ಚಿಲಕ ಹಾಕ್ಕೊಂಡು ಏನು ಮಾಡ್ತಿದ್ರಿ?”

“ಒಂದು ಸ್ಟೂಲು ಹಾಕ್ಕೊಂಡು ಮುಂದೆ ಕೂತಿರ್ತಿದ್ದೆ.”

ಹೆಂಡತಿಗೆ ನಗು ಬಂತು. ಮೊದಲು ತಡೆದಳು, ಆಮೇಲೆ ಆಗಲಿಲ್ಲ. ಕಾರಿನ ಮೂತಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳ ಬಳೆ ಬಣ್ಣಕ್ಕೆ ತಾಗುತ್ತಿತ್ತು. ಅದನ್ನು ಹೇಳುವ ಸ್ಥಿತಿಯಲ್ಲಿ ಸೀಸೆಯಪ್ಪ ಇರಲಿಲ್ಲ. “ಅಯ್ಯೋ ನನ್ನ ರಾಜಾ! ಪೆಟ್ರೋಲು ಹಳೇದು, ರಸ್ತೆ ಹಳೇದು ಅಂತ ನನಗೆ ಕಥೆ ಹೇಳಿದ್ದು ಇದಕ್ಕಾ? ನನ್ನನ್ನು ಮಾತ್ರ ಕೂರಿಸಲ್ಲ ಅಂದ್ಕೊಂಡಿದ್ನಲ್ಲ. ನಿಮ್ಮನ್ನೂ ಕೂರಿಸಿಲ್ಲ ಇದು!”

“ಒಂದು ಸುತ್ತಿಗೆ ತಗೊಂಡು ಕಪಾಟು ಒಡೆದಿದ್ರೆ ಆಗ್ತಿರ್ಲಿಲ್ವಾ ಭಾವ?”

“ಒಡೆದ್ರೆ ಸಿಮೆಂಟಿನ ಧೂಳು ಬಣ್ಣದ ಮೇಲೆ ಬೀಳುತ್ತೆ” ಎಂದ ಸೀಸೆಯಪ್ಪ. ಇದು ಅವನಿಗೆ ಪೂರ್ಣ ವೈಜ್ಞಾನಿಕ ಉತ್ತರವಾಗಿ ಕಾಣುತ್ತಿತ್ತು. ಕಪಾಟು ಒಡೆಯಬೇಕಾದರೆ ಕಾರು ಹೊರಗಿರಬೇಕು, ಹೊರಗಿಟ್ಟರೆ ಬಿಸಿಲು ತಾಗುತ್ತದೆ. ಪ್ರತಿ ಹಂತವೂ ಸರಿಯಾಗಿತ್ತು. ಸರಿಯಾದ ಹಂತಗಳನ್ನು ಒಂದೊಂದಾಗಿ ಏರಿಯೇ ಅವನು ಆ ಸ್ಟೂಲನ್ನು ತಲುಪಿದ್ದ.

ಡ್ರೈವಿಂಗ್ ಸ್ಕೂಲಿನವಳು ತೋಳು ಮಡಚಿದಳು. “ಜಾಕ್ ಇದೆಯಾ? ದಿಮ್ಮಿ ತೆಗೀರಿ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದೆ, ಕೈಗೆ ಎಟುಕುತ್ತೆ. ತಳ್ಳೋಣ.”

ಒಂದೊಂದೇ ದಿಮ್ಮಿ ಹೊರಬಂತು. ಸೀಸೆಯಪ್ಪ ಕಿಟಕಿಯಿಂದ ತೋಳು ತೂರಿಸಿ ಸ್ಟೀರಿಂಗ್ ಹಿಡಿದ. ಬಾಗಿಲ ಕಡೆಗೇ ಮೂತಿ ಮಾಡಿ ನಿಂತಿದ್ದ ಕಾರಿನ ಹಿಂದುಗಡೆಗೆ ಕಂಡಕ್ಟರು ಮತ್ತು ಆ ಹೆಂಗಸು ಭುಜ ಕೊಟ್ಟರು. “ಮುಂದೆ ಹೋಗಿ, ಮುಂದೆ ಜಾಗ ಇದೆ! ರೈಟ್, ರೈಟ್!” ಎಂದು ಕಂಡಕ್ಟರು ಬಾಯಲ್ಲೇ ಸಿಳ್ಳೆ ಹಾಕಿದ. ಕಾರು ಒಮ್ಮೆ ಮುಲುಗಿ, ಹೊಸ್ತಿಲು ದಾಟಿ ಬೀದಿಗಿಳಿಯಿತು. ಎದುರುಮನೆಯವರು ಬಾಲ್ಕನಿಗೆ ಬಂದರು. ಒಳಗೆ ಅಂಥದ್ದೊಂದು ಇದೆಯೆಂದು ಅವರು ಕೇಳಿದ್ದರು, ನಂಬಿರಲಿಲ್ಲ.

ಬಯಲಲ್ಲಿ ಎರಡು ಬಾಗಿಲೂ ಪೂರ್ತಿ ತೆರೆದವು. ಸೀಸೆಯಪ್ಪ ಸ್ಟೀರಿಂಗಿನ ಮುಂದೆ ಕೂತ. ಸೀಟು ಅವನು ನೆನಪಿಟ್ಟುಕೊಂಡದ್ದಕ್ಕಿಂತ ತಗ್ಗಾಗಿತ್ತು. ಹೆಂಡತಿ ಯಾರ ಅಪ್ಪಣೆಗೂ ಕಾಯದೆ ಆಚೆ ಬದಿಯಿಂದ ಹತ್ತಿ, ನೋಯುವ ಕಾಲನ್ನು ಉದ್ದಕ್ಕೂ ಚಾಚಿದಳು. ಕಾರಿನ ಮುಂಭಾಗ ಅಷ್ಟು ಉದ್ದವಾದ್ದರಿಂದ ಕಾಲು ಎಲ್ಲಿಯೂ ತಾಗಲಿಲ್ಲ.

“ಅಬ್ಬಾ, ಸುಖವಾಗಿದೆ ಕಣ್ರೀ” ಎಂದಳು. “ನಿಮ್ಮ ಸೀಸೆಯೊಳಗಿನ ಬಾವಲಿಗಳಿಗೂ ಹೀಗೇ ಅನ್ನಿಸ್ತಿತ್ತೋ ಏನೋ.”

ಡ್ರೈವಿಂಗ್ ಸ್ಕೂಲಿನವಳು ಒಂದು ಸುತ್ತು ಬಂದು ಕಿಟಕಿಗೆ ಬಾಗಿದಳು. ಬೆಲೆಯ ಮಾತು ಎರಡು ವಾಕ್ಯದಲ್ಲಿ ಮುಗಿಯಿತು. ಮುಗಿಯದೆ ಉಳಿದದ್ದು ಸೀಸೆಯಪ್ಪನ ಪ್ರಶ್ನೆಗಳು.

“ಕಲಿಯೋರ ಕೈಗೆ ಕೊಡ್ತೀರಾ?”

“ಛೆ, ಇದನ್ನಾ? ಇದು ನನಗೆ. ತರಕಾರಿಗೆ ಹೋಗ್ಬೇಕು, ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ನಾಯಿಗೆ ಗಾಳಿ ಕುಡಿಸ್ಬೇಕು.”

“ನಾಯಿ ಹಿಂದಿನ ಸೀಟಲ್ಲಿ ಕೂರುತ್ತಾ?”

“ನಮ್ಮ ನಾಯಿಗೆ ಮುಂದಿನ ಸೀಟೇ ಬೇಕು ಸರ್. ಕಿಟಕಿಯಿಂದ ತಲೆ ಹೊರಗೆ ಹಾಕಿ ಜೊಲ್ಲು ಸುರಿಸ್ಕೊಂಡು ಬರುತ್ತೆ, ನೋಡೋಕೆ ಚೆಂದ.”

ಸೀಸೆಯಪ್ಪ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಇನ್ನೊಂದು ಜಾಹೀರಾತು ಕೊಡಬಹುದಿತ್ತು. ಜಗತ್ತಿನಲ್ಲಿ ಎಲ್ಲೋ ಒಬ್ಬ, ಕಾಫಿ ಕುಡಿಯದ, ನಾಯಿ ಸಾಕದ, ಕಾರು ಓಡಿಸದ ಗಿರಾಕಿ ಇದ್ದೇ ಇರುತ್ತಾನೆ. “ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ” ಎಂದ.

ಹೆಂಡತಿ ಕಾರಿನಿಂದ ಇಳಿದು, ತಮ್ಮನಿಗೆ “ಬಾರೋ, ಮೆಷಿನ್ನು ಇಳಿಸೋಣ. ನಾಳೆ ಗಾಡಿ ಬರುತ್ತೆ” ಎಂದು ಮೆಟ್ಟಿಲ ಕಡೆ ನಡೆದಳು. ಕೈಯನ್ನು ಮೆಟ್ಟಿಲ ಪಕ್ಕದ ಮರದ ಕಂಬಿಯ ಮೇಲಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಒಂದೊಂದೇ ಮೆಟ್ಟಿಲು ಏರತೊಡಗಿದಳು.

ಕಾರಿನ ತೆರೆದ ಬಾಗಿಲಿನಿಂದ ಸೀಸೆಯಪ್ಪನಿಗೆ ಆ ಕಂಬಿ ಕಂಡಿತು. ಬಳಕೆಯ ಗುರುತು ಓದುವುದು ಅವನ ಕಸುಬು. ಕಂಬಿಗೆ ಬಳಿದ ಬಣ್ಣ ಉದ್ದಕ್ಕೂ ಸಮನಾಗಿ ಸವೆದಿರಲಿಲ್ಲ. ಒಂದು ಅಂಗೈಯಷ್ಟು ಜಾಗ ಬಣ್ಣ ಹೋಗಿ ಮರ ಕಾಣುತ್ತಿತ್ತು, ಆಮೇಲೆ ಸ್ವಲ್ಪ ಬಣ್ಣ, ಮತ್ತೆ ಒಂದು ಅಂಗೈಯಷ್ಟು ಮರ. ಇಳಿಯುವವರ ಕೈ ಜಾರಿಕೊಂಡು ಬರುತ್ತದೆ, ಉದ್ದಕ್ಕೂ ಸವೆಸುತ್ತದೆ. ಹೀಗೆ ಬಿಡಿಬಿಡಿಯಾಗಿ ಸವೆಯಬೇಕಾದರೆ ಕೈ ಒಂದು ಕಡೆ ನಿಂತು ಇಡೀ ದೇಹವನ್ನು ಎಳೆದಿರಬೇಕು, ಪ್ರತಿ ಸಲವೂ ಅದೇ ಜಾಗದಲ್ಲಿ. ಏನೊಂದೂ ಸವೆಯದಂತೆ ತಾನು ಕಾಪಾಡಿಕೊಂಡು ಬಂದಿದ್ದ ಮನೆಯಲ್ಲಿ ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಆ ಮೆಟ್ಟಿಲನ್ನು ದಿನವೂ ಹತ್ತಿ ಇಳಿಯುವಾಗ ಅವನ ಮನಸ್ಸು ಕಾರುಕೋಣೆಯಲ್ಲಿರುತ್ತಿತ್ತು, ಕಾರುಕೋಣೆಯ ಬಾಗಿಲು ತೆರೆಯುವಾಗ ಬೆನ್ನು ಯಾವಾಗಲೂ ಆ ಕಡೆಗಿರುತ್ತಿತ್ತು.

ಅವನು ಕಾರಿನಿಂದ ಇಳಿದು ಬೀಗದ ಕೈಯನ್ನು ಡ್ರೈವಿಂಗ್ ಸ್ಕೂಲಿನವಳ ಕೈಗೆ ಕೊಟ್ಟ.

“ನಾಯಿಗೆ ಉಗುರು ಕತ್ತರಿಸ್ತೀರಾ?” ಎಂದಷ್ಟೇ ಕೇಳಿದ.

“ನೆನಪಾದಾಗ” ಎಂದಳು ಅವಳು, ಪ್ರಾಮಾಣಿಕವಾಗಿ.

ಅಮೆರಿಕದ ಕೂಪೆ ಬೀದಿಯ ತಿರುವಿನಲ್ಲಿ ಒಮ್ಮೆ ಜೋರಾಗಿ ಹಾರ್ನು ಹೊಡೆದು ಮರೆಯಾಯಿತು. ಅದರ ಹಾರ್ನು ಹೇಗೆ ಕೇಳುತ್ತದೆಂಬುದು ಸೀಸೆಯಪ್ಪನಿಗೆ ಮರೆತೇಹೋಗಿತ್ತು. ಚೆನ್ನಾಗಿಯೇ ಇತ್ತು. ಅವನು ಮೆಟ್ಟಿಲ ಬುಡಕ್ಕೆ ಬಂದು ಮೇಲಕ್ಕೆ ಕೂಗಿದ: “ಏಯ್, ಹತ್ತಬೇಡ, ಕೆಳಗೆ ಬಾ! ಅಂಗಡಿಯವನಿಗೆ ಫೋನ್ ಮಾಡಿ ಗಾಡಿ ಬೇಡ ಅನ್ನು.”

ಆಮೇಲೆ ಕಪಾಟಿನ ತಳದಲ್ಲಿ, ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದ ಹೊಸ ಸುತ್ತಿಗೆ ತೆಗೆದು ಮೊದಲ ಏಟು ಹಾಕಿದ. ಸಿಮೆಂಟು ಉದುರಿತು. ಧೂಳು ಅವನ ತಲೆ, ಹುಬ್ಬು, ಅಂಗಿಯ ಮೇಲೆಲ್ಲ ಕೂತಿತು.

“ರೀ, ಬಾಯಿಗಾದ್ರೂ ಬಟ್ಟೆ ಕಟ್ಕೊಳ್ಳಿ” ಎಂದು ಹೆಂಡತಿ ಸೆರಗು ಮೂಗಿಗೆ ಹಿಡಿದು ಒಳಗೆ ಬಂದಳು. “ಎಲ್ಲಾನೂ ಒಡೀಬೇಡಿ. ಒಂದು ಹಲಗೆ ಬಿಡಿ, ದಾರದ ಉಂಡೆ ಇಡೋಕೆ ಬೇಕು.”

“ಯಾವ ಎತ್ತರದ್ದು?”

“ಕೂತಲ್ಲೇ ಕೈಗೆ ಎಟುಕಬೇಕು.”

ಅವನು ಸ್ಟೂಲು ತಂದು, ಬೀದಿ ಬಾಗಿಲಿನ ಬೆಳಕು ಬೀಳುವಲ್ಲಿ, ಕಪಾಟಿನ ಪಕ್ಕಕ್ಕೆ ಹಾಕಿದ. ಅವಳು ಕೂತಳು, ನೋಯುವ ಕಾಲನ್ನು ಖಾಲಿ ನೆಲದ ಮೇಲೆ ಚಾಚಿಕೊಂಡು ಕೈ ಎತ್ತಿದಳು. ಅವನು ಜೇಬಿನಿಂದ ಪೆನ್ಸಿಲು ತೆಗೆದು ಅವಳ ಬೆರಳ ತುದಿಯ ನೇರಕ್ಕೆ ಕಪಾಟಿನ ಮೇಲೆ ಗೆರೆ ಎಳೆದ, ಹಿಂದೆ ಸರಿದು ನೋಡಿದ.

“ಇಷ್ಟು ಸರೀನಾ?”

“ಕೈ ಜಗ್ಗುತ್ತೆ. ಇನ್ನೊಂಚೂರು ಕೆಳಗೆ.”

ಅವನು ಆ ಗೆರೆಯನ್ನು ಅಂಗಿಯ ತೋಳಿನಿಂದಲೇ ಒರೆಸಿ, ಅದರ ಕೆಳಗೆ ಇನ್ನೊಂದು ಎಳೆದ.